ಕಾರವಾರದ ಕೊಲ್ಲಿಯಲ್ಲಿ ಒಂದು ಸಂಜೆ

ಕಾರವಾರದ ಕೊಲ್ಲಿಯ ಚೆಲುವನ್ನು ಬಣ್ಣಿಸಹೊರಟವರೆಲ್ಲ ರವೀಂದ್ರನಾಥ ಠಾಕೂರರನ್ನು ನೆನೆಯುವುದು ವಾಡಿಕೆ. ಸಹಜವೇ. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ಕವಿ ಬಂದು ತಂಗಿದ್ದರು. ಒಂದು ಬೆಳುದಿಂಗಳ ರಾತ್ರಿ ಪುಟ್ಟ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಕೋಟೆಯ ಗುಡ್ಡದ ಬುಡದಲ್ಲಿಳಿದು, ರೈತನೊಬ್ಬನ ಅಂಗಳದಲ್ಲಿ ಕುಳಿತಿದ್ದು ಇಳಿತದ ನೀರಿನೊಡನೆ ಮರಳಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ಕೋಟೆಯನ್ನು ಅವರು ಶಿವಾಜಿಯದೆಂದು ಕರೆದರು. ಸದಾಶಿವಗಡವನ್ನು ಕಟ್ಟಿಸಿದವರು ಸೋದೆಯ ಅರಸರು. ಅದೂ ಶಿವಾಜಿ ತೀರಿಕೊಂಡು ಮೂರು ದಶಕಗಳಾದ ಮೇಲೆ. ಕವಿಗಳಿಗೆ ಇಷ್ಟು ಸಲಿಗೆ ಇರಲಿ.

ಇಂದು ಸಂಜೆಯ ವಿಹಾರಕ್ಕೆಂದು ದೋಣಿಯೇರಿದವರ ಬೆನ್ನಿಗೆ ಸಹ್ಯಾದ್ರಿ, ಬಲಕ್ಕೆ ಸದಾಶಿವಗಡ, ಎದುರಿಗೆ ಕೂರ್ಮಗಡ, ದೇವಗಡ. ದೇವಗಡದ ದೀಪಸ್ತಂಭ 1864ರದು. ಎಡಕ್ಕೆ, ತುಸು ದೂರದಲ್ಲಿ, ಅಂಜದೀವ್. ಹೊತ್ತು ಮುಳುಗುವಾಗ ಇವೆಲ್ಲ ಒಂದೇ ಬಣ್ಣದ ನೆರಳುಗಳಾಗುತ್ತವೆ. ಆದರೆ ಇವುಗಳ ಕಥೆ ಒಂದೇ ಬಣ್ಣದ್ದಲ್ಲ.

ಅಂಜದೀವಿನದನ್ನೇ ನೋಡಿ. 1498ರಲ್ಲಿ ವಾಸ್ಕೋ ಡ ಗಾಮಾ ಊರಿಗೆ ಮರಳುವಾಗ ಇಲ್ಲಿ ಲಂಗರು ಹಾಕಿದ. 1505ರಲ್ಲಿ ಆಲ್ಮೇಡಾ ಕೋಟೆ ಕಟ್ಟಿಸಿದ. ಅದಕ್ಕಿಂತ ಮನಸ್ಸು ಕಲಕುವ ಸಂಗತಿ 1662ರದು. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಪೋರ್ಚುಗಲ್ಲಿನ ರಾಜಕುಮಾರಿಯನ್ನು ವರಿಸಿದಾಗ ಮುಂಬಯಿ ಬಳುವಳಿಯಾಗಿ ಬಂದಿತ್ತು. ಅದನ್ನು ವಶಕ್ಕೆ ಪಡೆಯಲು ಸರ್ ಏಬ್ರಹಾಂ ಶಿಪ್‌ಮನ್ ನಾನೂರಕ್ಕೂ ಮಿಕ್ಕ ಸಿಪಾಯಿಗಳೊಡನೆ ಬಂದ. ಅಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ನೆಪ ಹೇಳಿ ಊರು ಬಿಟ್ಟುಕೊಡಲೊಪ್ಪಲಿಲ್ಲ. ಸೂರತ್ತಿನ ಇಂಗ್ಲಿಷ್ ವರ್ತಕರೂ ಮೊಗಲರಿಗೆ ಅಂಜಿ ಆ ದಂಡನ್ನು ಇಳಿಸಿಕೊಳ್ಳಲಿಲ್ಲ. ಹೋಗಲು ಎಡೆಯಿಲ್ಲದೆ ಅವರು ಈ ನಡುಗಡ್ಡೆಯಲ್ಲಿ ಬೀಡುಬಿಟ್ಟರು. ಮಳೆಗಾಲ, ಜ್ವರ, ಆಮಶಂಕೆ. ಎರಡು ವರುಷ ಕಾದರು. 1664ರಲ್ಲಿ ಶಿಪ್‌ಮನ್ನನೇ ಸತ್ತ. 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬಯಿಯನ್ನು ವಹಿಸಿಕೊಂಡಾಗ ಜೊತೆಗೆ ಉಳಿದಿದ್ದವರು ನೂರರ ಆಸುಪಾಸು. ಕಣ್ಣಳತೆಯ ದೂರದಲ್ಲಿ ತೊರೆಯ ಸಿಹಿನೀರು, ತೆಂಗಿನ ತೋಟ, ತಮ್ಮವರದೇ ಮೆಣಸಿನ ಕೋಠಿ ಇದ್ದ ಕಾರವಾರ! ದೊರೆಯ ಮದುವೆಯ ಉಡುಗೊರೆಗೆ ಬೆಲೆ ತೆತ್ತವರು ಯಾರೆಂದು ಮುಂಬಯಿಯ ಚರಿತ್ರೆ ಬರೆದವರು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಅದೇ ಫೆಬ್ರವರಿಯಲ್ಲಿ ಶಿವಾಜಿಯೂ ಕಾರವಾರಕ್ಕೆ ಬಂದಿದ್ದ. ಊರಿನವರು ಕೊಟ್ಟ ಕಪ್ಪದಲ್ಲಿ ಇಂಗ್ಲಿಷರ ಪಾಲು 112 ಪೌಂಡು.

ಅಂಜದೀವಿನ ಪೋರ್ಚುಗೀಸ್ ಬಾವುಟ ಇಳಿದದ್ದು 1961ರಲ್ಲಿ. ಆ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು, ಬೆಸ್ತನೊಬ್ಬ ಸತ್ತ. ಡಿಸೆಂಬರ್ 18ರಂದು ದಡವೇರಿದ ನಮ್ಮ ನೌಕಾಪಡೆಯ ಏಳು ಮಂದಿ ಮಡಿದರು. ಈಗ ಅದು ನೌಕಾನೆಲೆಯ ಆವರಣಕ್ಕೆ ಸೇರಿದೆ. ವಿಹಾರದ ದೋಣಿಗಳಿಗೆ ಅದು ದೂರದ ನೋಟ ಮಾತ್ರ. ನೌಕಾನೆಲೆಗಾಗಿ ಕರಾವಳಿಯ ಸಾವಿರಾರು ಕುಟುಂಬಗಳು ನೆಲ ಬಿಟ್ಟೆದ್ದುದು ಬೇರೆಯೇ ಬರೆಯಬೇಕಾದ ಕಥೆ.

ಕೂರ್ಮಗಡಕ್ಕೆ ಮಾತ್ರ ವರುಷಕ್ಕೊಮ್ಮೆ, ಪುಷ್ಯದ ಹುಣ್ಣಿಮೆಗೆ, ನರಸಿಂಹನ ಜಾತ್ರೆ. ಮೀನುಗಾರರು ದೋಣಿಗಳಿಗೆ ಬಾವುಟ ಕಟ್ಟಿ, ಬಾಳೆಗೊನೆ ಹೊತ್ತು ಹೋಗುತ್ತಾರೆ. ಬಯಲುಸೀಮೆಯವರೂ ಬರುತ್ತಾರೆ, ಅವರಲ್ಲಿ ಎಷ್ಟೋ ಮಂದಿಗೆ ಕಡಲ ಮೇಲೆ ಅದೇ ಮೊದಲ ಪಯಣ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ, ಮಿತಿಮೀರಿ ಜನ ತುಂಬಿದ್ದ ದೋಣಿಯೊಂದು ಮಗುಚಿತು. ಹದಿನಾರು ಜನ ತೀರಿಕೊಂಡರು, ಮಕ್ಕಳೂ ಸೇರಿ. ಮರುವರುಷದ ಹುಣ್ಣಿಮೆಗೆ ಮತ್ತೆ ಜಾತ್ರೆ ಬಂತು.