ಚಿಕ್ಕಮಗಳೂರು ಜಿಲ್ಲೆ ಪೂರ್ತಿ ಮಲೆನಾಡೇ? ವಾಸ್ತವ ಇಲ್ಲಿದೆ

ಚಿಕ್ಕಮಗಳೂರು ಎಂದರೆ ಕಾಫಿ, ಕಾಡು, ಜಡಿಮಳೆ ಎಂದೇ ಹಲವರು ನಂಬಿದ್ದಾರೆ. ಇದು ಅರ್ಧಸತ್ಯ.

ಮುಂಗಾರಿನ ಮೋಡಗಳು ಪಶ್ಚಿಮದಿಂದ ಬರುತ್ತವೆ. ಪಶ್ಚಿಮ ಘಟ್ಟ ಮತ್ತು ಬಾಬಾಬುಡನ್‌ಗಿರಿ ಸಾಲು ಅವನ್ನು ತಡೆಯುವುದರಿಂದ ಹೆಚ್ಚಿನ ಮಳೆ ಆ ಕಡೆಯೇ ಸುರಿಯುತ್ತದೆ. ಪೂರ್ವದ ಕಡೂರು, ಅಜ್ಜಂಪುರ ಮಳೆ ನೆರಳಿನ ಬಯಲುಸೀಮೆ. ತರೀಕೆರೆಯಲ್ಲಿ ಎರಡೂ ಉಂಟು: ಒಂದೆಡೆ ಕೆಮ್ಮಣ್ಣುಗುಂಡಿ, ಲಕ್ಕವಳ್ಳಿಯ ಭದ್ರಾ ಜಲಾಶಯ; ಇನ್ನೊಂದೆಡೆ ಒಣಭೂಮಿ.

ಗಿರಿಯಲ್ಲಿ ಹುಟ್ಟುವ ವೇದಾ, ಅವತಿ ನದಿಗಳು ಕಡೂರು ತಾಲ್ಲೂಕಿನಲ್ಲಿ ಸೇರಿ ವೇದಾವತಿಯಾಗುತ್ತವೆ. ಹಾಗಿದ್ದರೂ ಇಲ್ಲಿ ಕೆರೆ, ಕೊಳವೆಬಾವಿಗಳೇ ಆಸರೆ. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಕಡೂರು ಹಲವು ಬಾರಿ ಬಂದಿದೆ.

ಜನಸಂಖ್ಯೆ ಎಷ್ಟು?

ಜಿಲ್ಲೆಯಲ್ಲಿ 2001ರಲ್ಲಿ 11,40,905 ಜನರಿದ್ದರು. 2011ರಲ್ಲಿ ಅದು 11,37,961ಕ್ಕೆ ಇಳಿಯಿತು. ರಾಜ್ಯದಲ್ಲಿ ಚದರ ಕಿಲೋಮೀಟರ್‌ಗೆ 319 ಜನರಿದ್ದರೆ ಇಲ್ಲಿ 158 ಮಾತ್ರ.

'2011ರ ಜನಗಣತಿಯಂತೆ ಅಜ್ಜಂಪುರ ತಾಲ್ಲೂಕಿನ ಜನಸಂಖ್ಯೆ ಇಷ್ಟು' ಎಂಬ ಸಂದೇಶ ಬಂದರೆ ಜಾಗ್ರತೆ. ಆಗ ಅಜ್ಜಂಪುರ ತಾಲ್ಲೂಕೇ ಆಗಿರಲಿಲ್ಲ, ತರೀಕೆರೆ ತಾಲ್ಲೂಕಿನ ಭಾಗವಾಗಿತ್ತು. ಆ ಸಂಖ್ಯೆ ಊರುಗಳ ಲೆಕ್ಕ ಕೂಡಿಸಿದ್ದೋ, ಊಹೆಯೋ ಎಂದು ಕೇಳಿ. ತರೀಕೆರೆಯ ಹಳೆಯ ಅಂಕಿಯಲ್ಲಿ ಅಜ್ಜಂಪುರವೂ ಸೇರಿದೆ. ಎರಡನ್ನೂ ಕೂಡಿಸಿದರೆ ಅದೇ ಜನರನ್ನು ಎರಡು ಸಲ ಎಣಿಸಿದಂತೆ.

ಒಟ್ಟಾರೆ ಹೇಳುವುದಾದರೆ

ಜಿಲ್ಲೆಯ ಸರಾಸರಿ ಮಳೆ ನೋಡಿ ಕಡೂರಿನ ನೀರಿನ ಕಷ್ಟ ಅಳೆಯಲಾಗದು. 'ಅಲ್ಲೇನು ಬರ?' ಎನ್ನುವ ಫಾರ್ವರ್ಡ್ ಒತ್ತುವ ಮುನ್ನ ಯಾವ ತಾಲ್ಲೂಕು, ಯಾವ ವರ್ಷ ಎಂದು ನೋಡೋಣ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವವರ ಮಾತನ್ನು ನಾವು ಸುಳ್ಳಾಗಿಸುವುದು ಬೇಡ.