ಹೊಗೆ ಎಬ್ಬಿಸುವ ವಿದ್ಯೆ

ನಮ್ಮೂರಿನ ರಸ್ತೆಯೇ ಇಲ್ಲಿಗೂ ಬರುತ್ತದೆ ಅಂತ ನಾನು ಹೇಳಿದರೆ ತಿರುವನಂತಪುರದ ಗೆಳೆಯರು ನಗುತ್ತಾರೆ. ಆದರೆ ಮಾತು ನಿಜ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಿಂದ ಹೊರಟು ಸುಮ್ಮನೆ ದಕ್ಷಿಣಕ್ಕೆ ಹೋಗುತ್ತಾ ಇರಿ. ಉಡುಪಿ, ಮಂಗಳೂರು, ಕಾಸರಗೋಡು, ಕಲ್ಲಿಕೋಟೆ, ಕೊಚ್ಚಿ, ಕೊಲ್ಲಂ ದಾಟಿ ಕೊನೆಗೆ ವಿಳಿಂಜಂ ಹತ್ತಿರದ ಮುಕ್ಕೋಲಕ್ಕೆ ಬಂದು ಮುಟ್ಟುತ್ತೀರಿ. ಮೊದಲು ಇದಕ್ಕೆ ಎಡಪ್ಪಳ್ಳಿಯವರೆಗೆ 17, ಅಲ್ಲಿಂದ ಮುಂದೆ 47 ಅಂತ ಎರಡು ನಂಬರ್ ಇತ್ತು. 2010ರಲ್ಲಿ ಹೊಸ ನಂಬರ್ ಕೊಟ್ಟಾಗ ಎಲ್ಲವೂ ಸೇರಿ 66 ಆಯಿತು. ಊರು ಬಿಟ್ಟು ಇಪ್ಪತ್ತೇಳು ವರ್ಷ ಆದ ನನ್ನಂಥವನಿಗೆ ಇದೊಂದು ಸಣ್ಣ ಸಮಾಧಾನ. ಊರಿಗೂ ನನಗೂ ನಡುವೆ ಇರುವುದು ಒಂದೇ ರಸ್ತೆ, ತಿರುವು ಜಾಸ್ತಿ ಅಷ್ಟೆ.

ಮೊನ್ನೆ ಆ ಸಮಾಧಾನಕ್ಕೇ ಸ್ವಲ್ಪ ಏಟು ಬಿತ್ತು.

ನನ್ನ ತಂಗಿಯ ಮಗ ಟೆಕ್ನೋಪಾರ್ಕಿನಲ್ಲಿ ಕೆಲಸ ಸಿಕ್ಕಿ ನಮ್ಮ ಮನೆಯಲ್ಲೇ ಇದ್ದಾನೆ. ಬೈಕಿನ ಹುಚ್ಚು. ಒಂದು ಶನಿವಾರ ರಾತ್ರಿ ಊಟಕ್ಕೆ ಕೂತಾಗ, ನಾಳೆ ಬೆಳಿಗ್ಗೆ ಐದಕ್ಕೆ ಗೆಳೆಯರ ಜೊತೆ ಬೈಪಾಸಿಗೆ ಹೋಗ್ತೇನೆ ಅಂದ. ಯಾಕೋ ಅಂದೆ. ಸಣ್ಣ ರೇಸಂತೆ. ಹೊರಡುವ ಮೊದಲು ಬರ್ನ್‌ಔಟ್ ಮಾಡುವುದಂತೆ. ನನ್ನ ಮುಖ ನೋಡಿ ಅವನೇ ಧೈರ್ಯ ಹೇಳಿದ, "ಮಾಮ, ನೀವ್ ಹೆದ್ರಬೇಡಿ. ಬರ್ನ್‌ಔಟ್ ಮಾಡ್ರೆ ಟಯರ್ ಬಿಸಿ ಆತ್ತ್, ಹಿಡಿತ ಬತ್ತ್. ಅದ್ ಸೇಫ್ಟಿಗೇ ಮಾಡುದ್."

ಈ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಪೂರ್ತಿ ಸುಳ್ಳಾಗಿದ್ದರೆ ಬೈದು ಮಲಗುತ್ತಿದ್ದೆ. ಅರ್ಧ ಸತ್ಯ ಆದ್ದರಿಂದ ರಾತ್ರಿ ಹನ್ನೆರಡರವರೆಗೆ ಕೂತು ಅವನಿಗೆ ಚರಿತ್ರೆ ಹೇಳಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅಳಿಯನೋ ಮಗನೋ ಇದ್ದರೆ ಉಪಯೋಗಕ್ಕೆ ಬಂದೀತು.

ಎರಡನೇ ಮಹಾಯುದ್ಧ ಮುಗಿದು ಸೈನಿಕರು ಅಮೆರಿಕಕ್ಕೆ ಮರಳಿದಾಗ ಕ್ಯಾಲಿಫೋರ್ನಿಯಾದ ಹುಡುಗರಿಗೆ ಹಳೇ ಕಾರುಗಳನ್ನು ಬಿಚ್ಚಿ ಕಟ್ಟಿ ಓಡಿಸುವ ಗೀಳು ಹಿಡಿಯಿತು. ಓಡಿಸುತ್ತಿದ್ದದ್ದು ಊರಿನ ರಸ್ತೆಗಳಲ್ಲೇ. ಜನ ಸತ್ತರು, ಪೊಲೀಸರು ಹಿಡಿದರು, ಪೇಪರಿನವರು ಬೈದರು. ನಮ್ಮ ಬೈಪಾಸಿನ ಕಥೆಯೇ, ಎಪ್ಪತ್ತೈದು ವರ್ಷ ಮೊದಲು! ಆದರೆ ಅಲ್ಲಿ ಯುದ್ಧ ಇನ್ನೊಂದನ್ನೂ ಬಿಟ್ಟುಹೋಗಿತ್ತು. ಅದು ಕೆಲಸವಿಲ್ಲದೆ ಬಿದ್ದ ವಿಮಾನ ಪಟ್ಟಿಗಳು. 1950ರ ಜುಲೈನಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದ ಒಂದು ಪಟ್ಟಿಯಲ್ಲಿ ಸಿ. ಜೆ. ಹಾರ್ಟ್ ಮತ್ತು ಸಂಗಡಿಗರು ಟಿಕೆಟ್ ಇಟ್ಟು ರೇಸ್ ಶುರು ಮಾಡಿದರು. 1951ರಲ್ಲಿ 'ಹಾಟ್ ರಾಡ್' ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದರು. ಹುಡುಗರನ್ನು ರಸ್ತೆಯಿಂದ ಎಬ್ಬಿಸಿ ಪಟ್ಟಿಗೆ ಕರೆದೊಯ್ಯುವುದು ಅದರ ಮುಖ್ಯ ಉದ್ದೇಶ. 1954ರಲ್ಲಿ ಸಂಘದ ಒಂದು ತಂಡ ಕಾರಿನಲ್ಲಿ ಊರೂರು ಸುತ್ತಿ, ರೇಸನ್ನು ಅಪಾಯವಿಲ್ಲದೆ ನಡೆಸುವುದು ಹೇಗೆ ಅಂತ ಸ್ಥಳೀಯರಿಗೆ ಕಲಿಸಿತು. 1955ರ ಮೊದಲ ರಾಷ್ಟ್ರೀಯ ಕೂಟ ನಡೆದದ್ದೂ ಕ್ಯಾನ್ಸಸ್‌ನ ಗ್ರೇಟ್ ಬೆಂಡ್ ಎಂಬಲ್ಲಿ, ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ.

ಡ್ರ್ಯಾಗ್ ರೇಸ್ ಅಂದರೆ ಬಹಳ ಸರಳ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್, ನೇರ ಓಡಬೇಕು. ತಿರುವಿಲ್ಲ. ಹಾಗಾಗಿ ಸೋಲು ಗೆಲುವು ಬಹುಪಾಲು ತೀರ್ಮಾನವಾಗುವುದು ಹೊರಡುವ ಕ್ಷಣದಲ್ಲಿ. ಎಂಜಿನ್ ಎಷ್ಟೇ ಜೋರಿದ್ದರೂ ಚಕ್ರ ನೆಲ ಹಿಡಿಯದಿದ್ದರೆ ಏನು ಪ್ರಯೋಜನ? ಆಗಿನ ಟಯರುಗಳು ಕಿರಿದು, ಗಟ್ಟಿ. ಅವು ಹೊರಟಲ್ಲಿಂದ ಕೊನೆಯವರೆಗೂ ಜಾರುತ್ತಾ, ಪಟ್ಟಿಯುದ್ದಕ್ಕೂ ಹೊಗೆ ಬಿಡುತ್ತಾ ಹೋಗುತ್ತಿದ್ದವು. ಮರುಲೇಪನ ಮಾಡಿದ ನುಣುಪು ಟಯರು ಬಂತು. ಆಮೇಲೆ ಎಂ ಅಂಡ್ ಎಚ್ ಕಂಪನಿ ಡ್ರ್ಯಾಗ್ ರೇಸಿಗೇ ಅಂತ ನುಣುಪು ಟಯರು ಮಾಡಿತು. ಫ್ಲೋರಿಡಾದ ಡಾನ್ ಗಾರ್ಲಿಟ್ಸ್ 1964ರಲ್ಲಿ ಗಂಟೆಗೆ 200 ಮೈಲಿ ದಾಟಿದರು. ಆ ಕಾಲದ ಫೋಟೋಗಳಲ್ಲಿ ಹೊಗೆಯ ಮುಂದೆ ಕಾರು ಚಿಕ್ಕದಾಗಿ ಕಾಣುತ್ತದೆ.

1960ರ ದಶಕದ ಕೊನೆಗೆ ಎಲ್ಲ ತಿರುವುಮುರುವಾಯಿತು. ಅಗಲವಾದ, ಮೆತ್ತನೆಯ, ಪಕ್ಕದ ಗೋಡೆ ಸುಕ್ಕುಗಟ್ಟುವ ಟಯರು ಬಂತು. ಎಂಜಿನ್ನಿನ ಹೊಡೆತವನ್ನು ಹದವಾಗಿ ಬಿಡುವ, ಜಾರುವ ಕ್ಲಚ್ಚೂ ಬಂತು. ಈಗ ಓಟದಲ್ಲಿ ಹೊಗೆ ಬಂದರೆ ಸೋತ ಹಾಗೆ. ಹೊಗೆ ಓಟದಿಂದ ಹಿಂದಕ್ಕೆ ಸರಿದು, ಓಟಕ್ಕೆ ಮೊದಲಿನ ತಯಾರಿ ಆಯಿತು. ಬರ್ನ್‌ಔಟ್ ಹುಟ್ಟಿದ್ದು ಹೀಗೆ.

ಅದು ಯಾಕೆ ಬೇಕು? ಮೊದಲನೆಯದು, ಟಯರಿಗೆ ಅಂಟಿದ ಮರಳು ಧೂಳು ಹೋಗಬೇಕು. ಕ್ಯಾರಂ ಬೋರ್ಡಿಗೆ ಪೌಡರ್ ಹಾಕಿದರೆ ಕಾಯಿ ಹೇಗೆ ಜಾರುತ್ತದೋ ಧೂಳಿದ್ದರೆ ಚಕ್ರವೂ ಹಾಗೇ. ಎರಡನೆಯದು, ಬಿಸಿ. ನಮ್ಮ ಕಡೆಯವರಿಗೆ ಹಲಸಿನ ಮೇಣ ಗೊತ್ತಲ್ಲ? ತಣ್ಣಗಿದ್ದಾಗ ಗಟ್ಟಿ, ಬೆಂಕಿಗೆ ಹಿಡಿದರೆ ಕೈ ಬಿಡದ ಅಂಟು. ರೇಸಿನ ಮೆತ್ತನೆ ರಬ್ಬರಿನ ಸ್ವಭಾವವೂ ಹೆಚ್ಚು ಕಮ್ಮಿ ಅದೇ. ಮೂರನೆಯದು, ತಿರುಗುವ ಟಯರು ನೆಲದ ಮೇಲೆ ತನ್ನದೇ ರಬ್ಬರಿನ ತೆಳು ಪದರ ಬಿಡುತ್ತದೆ. ಹೊರಡುವಾಗ ರಬ್ಬರು ಹಿಡಿಯುವುದು ಡಾಂಬರನ್ನಲ್ಲ, ರಬ್ಬರನ್ನೇ.

ಆದರೆ ಒಣ ನೆಲದಲ್ಲಿ ಚಕ್ರ ತಿರುಗಿಸುವುದು ಕಷ್ಟ, ಆಕ್ಸಲ್ಲೇ ಮುರಿಯಬಹುದು. ಹಾಗಾಗಿ ಏನೇನೋ ಪ್ರಯೋಗ ನಡೆಯಿತು. ರಾಳದ ಪುಡಿ ಚೆಲ್ಲಿದರು. ಬಟ್ಟೆಗೆ ಹಾಕುವ ಬ್ಲೀಚ್ ಸುರಿದರು, ಅದರ ಹೊಗೆ ಕುಡಿದು ಪಕ್ಕದಲ್ಲಿ ನಿಂತವರು ಕೆಮ್ಮಿದರು. ಕೆಲವರು ಪೆಟ್ರೋಲ್ ಸುರಿದು ಬೆಂಕಿಯಲ್ಲೇ ಚಕ್ರ ತಿರುಗಿಸಿದರು! ಜನ ಚಪ್ಪಾಳೆ ಹೊಡೆದರು, ಸಂಘ ನಿಷೇಧಿಸಿತು. ಕೊನೆಗೆ ಗೆದ್ದದ್ದು ಯಾವುದು ಗೊತ್ತೇ? ನೀರು. ಇವತ್ತಿಗೂ ಆರಂಭದ ಗೆರೆಯ ಹಿಂದೆ ನೀರಿನ ಜಾಗ ಇರುತ್ತದೆ. ಚಾಲಕ ಹಿಂದಿನ ಚಕ್ರ ಒದ್ದೆ ಮಾಡಿ, ತುಸು ಮುಂದೆ ಬಂದು ನಿಲ್ಲುತ್ತಾನೆ. ಬ್ರೇಕ್ ಒತ್ತಿ 'ಲೈನ್ ಲಾಕ್' ಗುಂಡಿ ಒತ್ತಿದರೆ ಮುಂದಿನ ಚಕ್ರದ ಬ್ರೇಕ್ ಮಾತ್ರ ಹಿಡಿದು ನಿಲ್ಲುತ್ತದೆ, ಹಿಂದಿನದು ಬಿಡುತ್ತದೆ. ಎಂಜಿನ್ ಏರಿಸಿ ಚಕ್ರ ತಿರುಗಿಸುತ್ತಾನೆ. ನೀರು ಹಾರಿಹೋಗಿ ಹೊಗೆ ಶುರುವಾದ ಮೇಲೆ, ಕೆಲವೇ ಸೆಕೆಂಡಿನಲ್ಲಿ ಲಾಕ್ ಬಿಟ್ಟು ಮುಂದೆ ಉರುಳುತ್ತಾನೆ. ಜಾಸ್ತಿ ಸುಟ್ಟರೆ ರಬ್ಬರಿನೊಳಗಿನ ಎಣ್ಣೆ ಮೇಲೆ ಬಂದು ಟಯರು ಜಿಡ್ಡಾಗುತ್ತದೆ, ಹಿಡಿತ ಬರುವ ಬದಲು ಹೋಗುತ್ತದೆ. ಅಡುಗೆಯ ಹಾಗೇ, ಹದ ಮುಖ್ಯ.

ಇಲ್ಲಿಯವರೆಗೆ ಅಳಿಯ ಕಣ್ಣರಳಿಸಿ ಕೇಳಿದ. ನಾನು ಹೇಳಿದೆ, "ನೋಡು, ಇದರಲ್ಲಿ ನಿನ್ನ ಬೈಕಿಗೆ ಎಷ್ಟು ಅನ್ವಯಿಸ್ತದೆ? ನಿನ್ನದು ರಸ್ತೆಯ ಟಯರು. ಮಳೆ ನೀರು ಹೊರಹಾಕಲು ಅದರಲ್ಲಿ ಗೀರು ಇದೆ, ಸಾವಿರಾರು ಕಿಲೋಮೀಟರ್ ಬಾಳಲಿ ಅಂತ ರಬ್ಬರು ಗಟ್ಟಿ ಇದೆ. ಅದನ್ನು ಸುಟ್ಟರೆ ಸಿಗುವುದು ಹಿಡಿತ ಅಲ್ಲ, ಹೊಸ ಟಯರಿನ ಬಿಲ್ಲು. ಬೈಪಾಸಿನಲ್ಲಿ ಅಂಟು ಹಚ್ಚಿದ ಪಟ್ಟಿ ಇಲ್ಲ, ಪಕ್ಕದಲ್ಲಿ ತಡೆಗೋಡೆ ಇಲ್ಲ, ಆಂಬುಲೆನ್ಸ್ ಕಾಯ್ತಾ ಇಲ್ಲ. ಎದುರಿನಿಂದ ಮೀನಿನ ಬುಟ್ಟಿ ಹೊತ್ತ ಹೆಂಗಸು ಬರ್ತಾಳೆ."

ಅವನು ಸುಮ್ಮನಾದ. ಆ ರಸ್ತೆಯಲ್ಲಿ ಆದದ್ದು ಅವನಿಗೂ ಗೊತ್ತಿತ್ತು. 2022ರ ಜೂನ್‌ನಲ್ಲಿ ಇದೇ ಮುಕ್ಕೋಲದ ಬೈಪಾಸಿನಲ್ಲಿ ರೇಸಿಗಿಳಿದ ಬೈಕುಗಳು ಒಂದಕ್ಕೊಂದು ಡಿಕ್ಕಿಯಾಗಿ ಇಬ್ಬರು ಹುಡುಗರು ತೀರಿಕೊಂಡರು. ಆಮೇಲೆ ಕೇರಳದ ಮೋಟಾರು ವಾಹನ ಇಲಾಖೆ 'ಆಪರೇಷನ್ ರೇಸ್' ಅಂತ ತಪಾಸಣೆ ನಡೆಸಿತು. 2023ರ ಜನವರಿಯಲ್ಲಿ ಕೋವಳಂ ಹತ್ತಿರ ಅದೇ ಬೈಪಾಸಿನಲ್ಲಿ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳಿಗೆ ವೇಗದ ಬೈಕು ಬಡಿದು ಆಕೆಯೂ ಸತ್ತಳು, ಸವಾರನೂ ಸತ್ತ. ಕಾನೂನು ಇಲ್ಲ ಅಂತಲ್ಲ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಆದರೆ ದಂಡಕ್ಕೆ ಹೆದರುವ ವಯಸ್ಸೇ ಅದು?

ನನಗೂ ಆ ವಯಸ್ಸು ಇತ್ತು ಅನ್ನುವುದನ್ನು ಅವನಿಗೆ ಹೇಳಿರಲಿಲ್ಲ. ಆ ರಾತ್ರಿ ಹೇಳಿದೆ. ಕಾಲೇಜಿನಲ್ಲಿದ್ದಾಗ ಗೆಳೆಯನ ಯೆಜ್ಡಿ ತೆಗೆದುಕೊಂಡು, ಮಳೆ ಬಿಟ್ಟ ಹೊತ್ತಿನಲ್ಲಿ ಇದೇ ಹೆದ್ದಾರಿಯ ಪಕ್ಕ ಚಕ್ರ ತಿರುಗಿಸಲು ಹೋಗಿ ಬಿದ್ದೆ. ಗಾಡಿ ನನ್ನ ಮೊಣಕಾಲಿನ ಮೇಲೆ. ಹಿಂದಿನಿಂದ ಬಂದ ಲಾರಿ ಹೇಗೋ ನಿಂತಿತು. ಅಮ್ಮನಿಗೆ ದಣಪೆಯಲ್ಲಿ ಎಡವಿದೆ ಅಂತ ಸುಳ್ಳು ಹೇಳಿದ್ದೆ. ಅಮ್ಮ ಹೋಗುವವರೆಗೂ ಅದನ್ನು ನಂಬಿದ್ದಳು. ಪ್ಯಾಂಟು ಮೇಲೆತ್ತಿ ಗಾಯದ ಗುರುತು ತೋರಿಸಿದೆ. ಇಷ್ಟು ಹೊತ್ತಿನ ಉಪನ್ಯಾಸಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತು ಅಂತ ಕಾಣುತ್ತದೆ.

ಅಂದ ಹಾಗೆ, ನಮ್ಮಲ್ಲೂ ಪಟ್ಟಿಗಳು ಇದ್ದವು. ಮದ್ರಾಸಿನ ಹತ್ತಿರ ಶೋಳಾವರಂನಲ್ಲಿ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ 1950ರ ದಶಕದಿಂದ ರೇಸ್ ನಡೆಯುತ್ತಿತ್ತು. ನಡೆಸುತ್ತಿದ್ದದ್ದು 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್. ಬೆಂಗಳೂರಿನವರು 1970ರ ದಶಕದಲ್ಲಿ ಅಗರಂನಲ್ಲಿ ರೇಸ್ ನೋಡಿದ್ದನ್ನು ಇನ್ನೂ ಹೇಳುತ್ತಾರೆ. ಎರಡೂ ಕಡೆ ಓಟ ನಿಂತಿತು. ಮದ್ರಾಸಿನ ಕ್ಲಬ್ಬಿನವರು ಇರುಂಗಾಟ್ಟುಕೋಟೆಯಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿಕೊಂಡರು. ಈಗ ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆಯುವುದು ಅಲ್ಲೇ. ಅದನ್ನು ಮತ್ತೆ ಮತ್ತೆ ಗೆದ್ದವರು ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ. ಅವರೂ ಹೊಗೆ ಎಬ್ಬಿಸುತ್ತಾರೆ, ಆದರೆ ಎಲ್ಲಿ ಎಬ್ಬಿಸಬೇಕೋ ಅಲ್ಲಿ.

ನನಗೆ ಅನ್ನಿಸುವುದು ಇಷ್ಟೆ. ಈ ವಿದ್ಯೆ ಹುಟ್ಟಿದ್ದೇ ಹುಡುಗರನ್ನು ರಸ್ತೆಯಿಂದ ಆಚೆ ಕರೆದೊಯ್ದ ಜಾಗದಲ್ಲಿ. ಅದನ್ನು ವಾಪಸ್ ರಸ್ತೆಗೆ ತಂದರೆ ಉಳಿಯುವುದು ಬರೀ ಹೊಗೆ. ಆದರೆ ಬೈಯುವ ನಾವೂ ಸ್ವಲ್ಪ ಯೋಚಿಸಬೇಕು. ಅಮೆರಿಕದವರು ತಪಾಸಣೆಯನ್ನಷ್ಟೇ ಮಾಡಲಿಲ್ಲ, ಪಟ್ಟಿಯನ್ನೂ ಕೊಟ್ಟರು. ವಿಳಿಂಜಂನಲ್ಲಿ ಸಾವಿರಾರು ಕೋಟಿಯ ಬಂದರು ಎದ್ದಿತು, 2025ರ ಮೇ ತಿಂಗಳಲ್ಲಿ ಉದ್ಘಾಟನೆಯೂ ಆಯಿತು. ತಿಂಗಳಿಗೊಂದು ಭಾನುವಾರ ಅರ್ಧ ಕಿಲೋಮೀಟರ್ ನೇರ ನೆಲ ಮತ್ತು ಒಂದು ಆಂಬುಲೆನ್ಸ್ ಈ ಹುಡುಗರಿಗೆ ಸಿಗಲಾರದೇ?

ಆ ಭಾನುವಾರ ಬೆಳಿಗ್ಗೆ ಐದಕ್ಕೆ ಅಳಿಯನ ಅಲಾರಂ ಹೊಡೆಯಿತು. ನಾನು ಎಚ್ಚರವೇ ಇದ್ದೆ. ಎದ್ದ, ಆಫ್ ಮಾಡಿದ, ಮತ್ತೆ ಮಲಗಿದ. ಎಂಟು ಗಂಟೆಗೆ ದೋಸೆ ತಿನ್ನುತ್ತಾ ಕೇಳಿದ, "ಮಾಮ, ಮದ್ರಾಸಿಗೆ ರೈಲು ಟಿಕೆಟ್ ಎಷ್ಟ್ ಆತ್ತ್?"

ಎಷ್ಟೇ ಆಗಲಿ, ನಾನು ಕೊಡುತ್ತೇನೆ ಅಂದೆ. ಅವನ ಅಮ್ಮನಿಗೆ ಮಾತ್ರ ಇಬ್ಬರೂ ಇನ್ನೂ ಹೇಳಿಲ್ಲ.