ಮೀಟು (ತಂತಿವಾದ್ಯಗಳಲ್ಲಿ ವೇಗಸಾಧನೆ)

ತಂತಿಯನ್ನು ಬೆರಳು, ಉಗುರು ಅಥವಾ ಪಿಕ್ಕಿನಿಂದ ಮಿಡಿದು ನಾದ ಹೊರಡಿಸುವ ಕ್ರಿಯೆಯೇ ಮೀಟು. ಲೀಡ್ ಗಿಟಾರಿನ ವೇಗದ ಸ್ವರಸರಣಿ, ವೀಣೆಯ ತಾನ, ಸರೋದಿನ ದ್ರುತ್ ಗತ್ ಮೂರಕ್ಕೂ ಅದೇ ಆಧಾರ. ವೇಗ ಹೆಚ್ಚಿದಾಗ ಸ್ವರಗಳು ಕಲಸಿಹೋಗುವುದು ಬಲಗೈಯ ನಿಧಾನದಿಂದ ಎಂದು ಕಲಿಯುವವರು ತಿಳಿಯುತ್ತಾರೆ. ಬಹುಪಾಲು ದೋಷ ಇರುವುದು ಎರಡು ಕೈಗಳ ಹೊಂದಾಣಿಕೆಯಲ್ಲಿ: ಎಡಗೈ ಬೆರಳು ತಂತಿಯನ್ನು ಒತ್ತುವ ಗಳಿಗೆಗೇ ಮೀಟೂ ಬೀಳಬೇಕು.

ಗಿಟಾರಿನಲ್ಲಿ ಪಿಕ್ಕನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ತುದಿ ಸ್ವಲ್ಪವೇ ಹೊರಗೆ ಕಾಣುವಂತೆ ಹಿಡಿಯುತ್ತಾರೆ. ತೆಳು ಪಿಕ್ ಬಾಗಿ ಮರಳುವಷ್ಟರಲ್ಲಿ ಹೊತ್ತು ಕಳೆಯುವುದರಿಂದ ವೇಗಕ್ಕೆ ಗಟ್ಟಿಯಾದದ್ದು ಮೇಲು. ಚಲನೆ ಮಣಿಕಟ್ಟಿನದು, ಮೊಣಕೈ ಬಿಗಿದರೆ ಮೀಟು ಒರಟಾಗುತ್ತದೆ, ಕೈಯೂ ಬೇಗ ಸೋಲುತ್ತದೆ. ಕೆಳಗೊಂದು, ಮೇಲೊಂದು ಎಂದು ಮೀಟನ್ನು ಸರದಿಯಲ್ಲಿ ಹಾಕುವುದು ಮೂಲಪಾಠ. ನಿಜವಾದ ತೊಡಕು ತಂತಿ ಬದಲಿಸುವಾಗ ಎದುರಾಗುತ್ತದೆ. ಕೆಳಮೀಟಿನಲ್ಲಿ ತಂತಿಗಳ ನಡುವೆ ಇಳಿದು ಮೇಲ್ಮೀಟಿನಲ್ಲಿ ಹೊರಗೆ ಬರುವಂತೆ ಪಿಕ್ಕನ್ನು ಓರೆಯಾಗಿ ಹಿಡಿದವರಿಗೆ ಒಂದು ತಂತಿಯಲ್ಲಿ ಎರಡು ಅಥವಾ ನಾಲ್ಕು ಸ್ವರವಿದ್ದರೆ ದಾಟುವುದು ಸಲೀಸು. ಮೂರಿದ್ದರೆ ಕೊನೆಯದು ಕೆಳಮೀಟಾಗಿ ಪಿಕ್ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಓರೆಯನ್ನು ತಿರುಗಿಸಬೇಕು. ಇಲ್ಲವೇ, ಆರೋಹಣದಲ್ಲಾದರೆ, ಅದೇ ಬೀಸಿನಲ್ಲಿ ಮುಂದಿನ ತಂತಿಯನ್ನೂ ಮೀಟಬೇಕು.

ವೀಣೆಗೆ ಈ ತೊಡಕಿಲ್ಲ. ಬಲಗೈಯ ತೋರುಬೆರಳು, ನಡುಬೆರಳು ಸರದಿಯಲ್ಲಿ ಎರಡೂ ಕೆಳಮುಖವಾಗಿಯೇ ಮೀಟುತ್ತವೆ. ತಾಳದ ತಂತಿಗಳು ಕಿರುಬೆರಳಿನ ಪಾಲಿಗೆ. ಇಲ್ಲಿನ ಕಷ್ಟವೆಂದರೆ ಎರಡು ಬೆರಳುಗಳ ತೂಕ ಸಮವಾಗಿಸುವುದು. ವೀಣೆ ಶೇಷಣ್ಣ (1852–1926), ಅವರ ಶಿಷ್ಯ ವೆಂಕಟಗಿರಿಯಪ್ಪ, ಇವರ ಶಿಷ್ಯ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಬೆಳೆಸಿದ ಮೈಸೂರು ಬಾನಿ ಬಿಡಿಬಿಡಿಯಾಗಿ ಕೇಳುವ ಮೀಟಿಗೆ ಹೆಸರಾಗಿದೆ. ತಂತಿಯನ್ನು ಎಳೆದು ಹಾಡಿಕೆಯನ್ನು ಅನುಸರಿಸುವ ತಂಜಾವೂರು ಬಾನಿಗಿಂತ ಇದರಲ್ಲಿ ಮೀಟುಗಳ ಸಂಖ್ಯೆ ಹೆಚ್ಚು. ಗಿಟಾರ್ ಕಲಿಯುವ ಕನ್ನಡಿಗರಿಗೆ ಸ್ಪಷ್ಟತೆಯ ಮಾದರಿ ಹತ್ತಿರದಲ್ಲೇ ಇದೆ ಎನ್ನಬಹುದು.

ಪಿಕ್ಕಿಗೆ ಇನ್ನೂ ಸಮೀಪದ್ದು ಸರೋದಿನ ಜವಾ. ಇದನ್ನು ಹೆಚ್ಚಾಗಿ ತೆಂಗಿನ ಕರಟವನ್ನು ಉಜ್ಜಿ ನಯಮಾಡಿ ತಯಾರಿಸುತ್ತಾರೆ. ಕಂದಿಕೆರೆ, ತಿಪಟೂರು ಸೀಮೆಯಲ್ಲಿ ಕೊಬ್ಬರಿ ತೆಗೆದ ಮೇಲೆ ಒಲೆಗೋ ಇದ್ದಿಲಿಗೋ ಹೋಗುವ ವಸ್ತು ಸಂಗೀತಗಾರನ ಕೈಯಲ್ಲಿ ತಂತಿಯ ಪೆಟ್ಟು ತಾಳುತ್ತದೆ. ಕೆಳಮೀಟಿಗೆ ‘ದಾ’, ಮೇಲ್ಮೀಟಿಗೆ ‘ರಾ’, ಎರಡನ್ನೂ ಬೇಗ ಕೂಡಿಸಿದರೆ ‘ದಿರ್’ ಎಂಬ ಬೋಲ್‌ಗಳಿವೆ. ಬಾಯಲ್ಲಿ ಹೇಳಿ ಕೈಯಲ್ಲಿ ನುಡಿಸುವ ಈ ರೂಢಿ ಗಿಟಾರಿಗೂ ಒಗ್ಗುತ್ತದೆ. ಅಲಿ ಅಕ್ಬರ್ ಖಾನರ ಶಿಷ್ಯ, ಬೆಂಗಳೂರಿನಲ್ಲಿ ಹುಟ್ಟಿದ ರಾಜೀವ ತಾರಾನಾಥ (1932–2024) ಕರ್ನಾಟಕದಲ್ಲಿ ಈ ವಾದ್ಯದ ಪ್ರಮುಖ ಕಲಾವಿದರು.

ಅಭ್ಯಾಸಕ್ರಮದಲ್ಲಿ ಎರಡು ಬಗೆ. ಸರಳೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ನುಡಿಸುವಾಗ ವೇಗ ಪ್ರತಿ ಬಾರಿ ಇಮ್ಮಡಿಯಾಗುತ್ತದೆ: ನಿಮಿಷಕ್ಕೆ 60 ಸ್ವರವಿದ್ದದ್ದು 120, ಆಮೇಲೆ 240. ಗಿಟಾರಿನವರು ಮೆಟ್ರೊನೋಮ್ ಇಟ್ಟು ನಾಲ್ಕೈದು ಅಂಕೆಗಳಷ್ಟೇ ಏರಿಸುತ್ತಾರೆ. ಇಮ್ಮಡಿ ಮಾಡಿದರೆ ಕೈ ಎಲ್ಲಿ ಕೆಡುತ್ತದೆಂಬುದು ತಕ್ಷಣ ಬಯಲಾಗುತ್ತದೆ. ಕೆಟ್ಟ ಜಾಗವನ್ನು ಸರಿಪಡಿಸಲು ಮೆಲ್ಲನೆ ಏರುವ ಕ್ರಮ ಒಳ್ಳೆಯದು. ಎರಡರಲ್ಲೂ ವಿಳಂಬದಲ್ಲಿ ಪಿಕ್ಕನ್ನು ದೂರಕ್ಕೆ ಬೀಸಬಾರದು, ಏಕೆಂದರೆ ದೊಡ್ಡ ಚಲನೆ ದ್ರುತದಲ್ಲಿ ನಿಲ್ಲದು. ತಿಸ್ರನಡೆಯ ಸಾಧನೆಯೂ ಉಪಯುಕ್ತ: ಮೂರು ಮೂರಾಗಿ ನುಡಿಸಿದರೆ ಒತ್ತು ಒಮ್ಮೆ ಕೆಳಮೀಟಿನ ಮೇಲೆ, ಮತ್ತೊಮ್ಮೆ ಮೇಲ್ಮೀಟಿನ ಮೇಲೆ ಬಿದ್ದು ದುರ್ಬಲವಾದ ಮೇಲ್ಮೀಟು ಗಟ್ಟಿಯಾಗುತ್ತದೆ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಇಷ್ಟೇ ಸಾಲದು. ಡಿಸ್ಟಾರ್ಷನ್ ಹಾಕಿದಾಗ ಮೀಟದ ತಂತಿಯ ಸಣ್ಣ ಕಂಪನವೂ ದೊಡ್ಡದಾಗಿ ಕೇಳುವುದರಿಂದ ದಪ್ಪ ತಂತಿಗಳನ್ನು ಬಲ ಅಂಗೈಯ ಅಂಚಿನಿಂದ, ತೆಳು ತಂತಿಗಳನ್ನು ಎಡ ತೋರುಬೆರಳಿನ ಕೆಳಭಾಗದಿಂದ ತಾಕಿ ಸುಮ್ಮನಾಗಿಸುತ್ತಾರೆ.